ಪಿಎಲ್‌ಸಿ ಕಲಿಯಬೇಕಾ? ಮೊದಲು ಮೀಟರ್ ಹಿಡಿಯಿರಿ

ನಾನು ಕೆಲಸಕ್ಕೆ ಸೇರಿ ಎರಡನೇ ವಾರ. ಪೀಣ್ಯದ ಒಂದು ಕಾರ್ಖಾನೆ, ರಾತ್ರಿ ಪಾಳಿ. ಪ್ಯಾಕಿಂಗ್ ಲೈನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ನನಗೆ ಪಿಎಲ್‌ಸಿ (ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್) ಗೊತ್ತು ಅನ್ನೋ ಜಂಬ ಬೇರೆ. ಲ್ಯಾಪ್‌ಟಾಪ್ ಜೋಡಿಸಿ ನಲವತ್ತು ನಿಮಿಷ ಪ್ರೋಗ್ರಾಂ ನೋಡುತ್ತಾ ಕೂತೆ. ಅಷ್ಟರಲ್ಲಿ ಆಪರೇಟರ್ ಊಟ ಮುಗಿಸಿ ಬಂದರು. ಕೈಯಲ್ಲಿದ್ದ ಬಟ್ಟೆಯಿಂದ ಒಂದು ಫೋಟೋ ಸೆನ್ಸರಿನ ಮುಖ ಒರೆಸಿದರು. ಲೈನ್ ಹೊರಟಿತು. "ದಿನಾ ಪುಡಿ ಕೂರುತ್ತೆ ಸರ್, ನಿಮಗೆ ಯಾರೂ ಹೇಳಿಲ್ವಾ?" ಅಂದರು.

ಆಟೊಮೇಷನ್ ಟೆಕ್ನಿಷಿಯನ್ ಆಗಬೇಕು ಅಂತ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಪ್ರೋಗ್ರಾಂ ಬರೆಯುವ ಕೆಲಸ ಇದರಲ್ಲಿ ಕಡಿಮೆ. ನಿಂತ ಮೆಷಿನ್ ಯಾಕೆ ನಿಂತಿತು ಅಂತ ಕಂಡುಹಿಡಿಯುವುದೇ ಜಾಸ್ತಿ. ಹತ್ತಕ್ಕೆ ಒಂಬತ್ತು ಸಲ ತಪ್ಪು ಪಿಎಲ್‌ಸಿಯಲ್ಲಿ ಇರುವುದಿಲ್ಲ ಅನ್ನುವುದು ನನ್ನ ಅನುಭವ. ಸಡಿಲ ಆದ ವೈರು, ಕೊಳೆಯಾದ ಸೆನ್ಸರು, ಮುರಿದ ಲಿಮಿಟ್ ಸ್ವಿಚ್ಚು. ಹಾಗಾಗಿ ಕಾಲೇಜು ಆರಿಸುವಾಗಲೂ ಕಲಿಯುವಾಗಲೂ ಈ ಒಂದು ಮಾತು ತಲೆಯಲ್ಲಿರಲಿ: ನಿಮ್ಮ ಕೈ ವೈರಿನ ಮೇಲೆ ಎಷ್ಟು ಗಂಟೆ ಇರುತ್ತದೆ?

ಕೆಲಸ ಏನು ಅಂತ ಗೊತ್ತಾಗಲು ಮನೆಯ ಸಂಪು ನೋಡಿದರೆ ಸಾಕು. ಮೇಲಿನ ಟ್ಯಾಂಕ್ ಖಾಲಿ ಅಂತ ಹೇಳಲು ಒಂದು ಫ್ಲೋಟ್ ಸ್ವಿಚ್. ಸಂಪಿನಲ್ಲಿ ನೀರಿದೆಯಾ ಅಂತ ಹೇಳಲು ಇನ್ನೊಂದು. ಎರಡನ್ನೂ ಕೇಳಿ ತೀರ್ಮಾನ ಮಾಡುವ ಒಂದು ಡಬ್ಬಿ. ಕೊನೆಗೆ ಓಡುವ ಮೋಟರ್. ಸಕ್ಕರೆ ಕಾರ್ಖಾನೆಯಾಗಲಿ, ಕಾರು ಕಾರ್ಖಾನೆಯಾಗಲಿ ಇದೇ ಲೆಕ್ಕ. ಅಲ್ಲಿ ಎರಡು ಸ್ವಿಚ್ ಬದಲು ಸಾವಿರಾರು ಇರುತ್ತವೆ, ಅಷ್ಟೇ. ತೀರ್ಮಾನ ಮಾಡುವ ಆ ಡಬ್ಬಿಯೇ ಪಿಎಲ್‌ಸಿ.

ಹೆಜ್ಜೆ 1: ದಾರಿ ಆರಿಸಿಕೊಳ್ಳಿ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕರ್ನಾಟಕದಲ್ಲಿ ಮುಖ್ಯವಾಗಿ ಮೂರು ದಾರಿ.

ಒಂದು, ಐಟಿಐ. ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಟ್ರೇಡುಗಳು ಎರಡು ವರ್ಷದವು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಟೆಕ್ನಾಲಜಿ ಹಬ್ ಅಂತ ಉದ್ಘಾಟಿಸಿದರು. ರೋಬೋಟು, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ನು ಅಲ್ಲಿಗೆ ಬಂದಿವೆ. ನಿಮ್ಮ ತಾಲ್ಲೂಕಿನ ಐಟಿಐ ಈ ಪಟ್ಟಿಯಲ್ಲಿದೆಯಾ ಅಂತ ಹೋಗಿ ವಿಚಾರಿಸಿ. ಊರಲ್ಲೇ ಇರುವುದನ್ನು ಬಿಟ್ಟು ಬೆಂಗಳೂರಿಗೆ ಓಡಿ ಬರುವವರನ್ನು ನಾನು ತುಂಬಾ ನೋಡಿದ್ದೇನೆ.

ಎರಡು, ಪಾಲಿಟೆಕ್ನಿಕ್ ಡಿಪ್ಲೊಮಾ. ಮೂರು ವರ್ಷ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಮೆಕಾಟ್ರಾನಿಕ್ಸ್ (ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ್ದು), ಯಾವುದಾದರೂ ನಡೆಯುತ್ತದೆ. ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಅನ್ನೋ ಭಯ ಬೇಡ. ನಾನೂ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿಯೇ ಡಿಪ್ಲೊಮಾಗೆ ಹೋದವನು. ನೇರ ಡಿಪ್ಲೊಮಾ ಸೇರಿದ ಗೆಳೆಯರಿಗಿಂತ ನನ್ನ ವೈರಿಂಗ್ ಚೆನ್ನಾಗಿತ್ತು. ಗಣಿತ ಮಾತ್ರ ಅವರದು ಚೆನ್ನಾಗಿತ್ತು.

ಮೂರು, ಕಾರ್ಖಾನೆಯ ಶಿಸ್ತಿನಲ್ಲಿ ನಡೆಯುವ ತರಬೇತಿ ಸಂಸ್ಥೆಗಳು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಕೆಲವು ಕೇಂದ್ರಗಳಲ್ಲಿ ಮೆಕಾಟ್ರಾನಿಕ್ಸ್ ಡಿಪ್ಲೊಮಾ ಇದೆ. ಸ್ವಿಟ್ಜರ್ಲೆಂಡ್ ನೆರವಿನಿಂದ ಕೇರಳದ ನೆಟ್ಟೂರಿನಲ್ಲಿ ಹುಟ್ಟಿದ ಎನ್‌ಟಿಟಿಎಫ್ (ನೆಟ್ಟೂರು ಟೆಕ್ನಿಕಲ್ ಟ್ರೈನಿಂಗ್ ಫೌಂಡೇಶನ್) ಬೆಂಗಳೂರಿನಲ್ಲಿ ಬೇರೂರಿದೆ. ಬಿಡದಿಯಲ್ಲಿ 2007ರಿಂದ ಇರುವ ಟೊಯೊಟಾ ಟೆಕ್ನಿಕಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಹಳ್ಳಿ ಕಡೆಯ, ಅನುಕೂಲ ಕಡಿಮೆ ಇರುವ ಮನೆಯ ಮಕ್ಕಳನ್ನು ಆರಿಸಿಕೊಂಡು, ಅಲ್ಲೇ ಇರಿಸಿಕೊಂಡು ಮೂರು ವರ್ಷ ಕಲಿಸುತ್ತದೆ. ಮೆಕಾಟ್ರಾನಿಕ್ಸ್ ಅಲ್ಲಿಯೂ ಒಂದು ವಿಭಾಗ. ಇಂಥ ಕಡೆ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಎಸ್ಸೆಸ್ಸೆಲ್ಸಿ ಓದುವಾಗಲೇ ಅರ್ಜಿಯ ದಿನಾಂಕ ವಿಚಾರಿಸಿಕೊಳ್ಳಿ.

ಇವಲ್ಲದೆ ಊರ ತುಂಬ ಇರುವ ಮೂರು ತಿಂಗಳ ಪಿಎಲ್‌ಸಿ ಕೋರ್ಸುಗಳು? ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಮೇಲೆ ಮಾಡಿದರೆ ಉಪಯೋಗ. ಅದೊಂದನ್ನೇ ನಂಬಿಕೊಂಡು ಹೋದರೆ ಕಾರ್ಖಾನೆ ಗೇಟಿನಲ್ಲಿ ಕೇಳುವ ಮೊದಲ ಪ್ರಶ್ನೆಗೇ ತಡವರಿಸುತ್ತೀರಿ.

ಹೆಜ್ಜೆ 2: ದುಡ್ಡು ಕಟ್ಟುವ ಮೊದಲು ಲ್ಯಾಬ್ ನೋಡಿ

ಕಟ್ಟಡ ನೋಡಬೇಡಿ. ಗೋಡೆ ಮೇಲಿನ ಫೋಟೋ ನೋಡಬೇಡಿ. ಸ್ಕ್ರೂ ತಲೆ ನೋಡಿ.

ತಮಾಷೆಗೆ ಹೇಳುತ್ತಿಲ್ಲ. ಲ್ಯಾಬಿನ ಟ್ರೈನರ್ ಕಿಟ್ ಹತ್ತಿರ ಹೋಗಿ ಟರ್ಮಿನಲ್ ಸ್ಕ್ರೂಗಳನ್ನು ನೋಡಿ. ಹೊಸದರಂತೆ ಹೊಳೆಯುತ್ತಿದ್ದರೆ ಅದನ್ನು ಯಾರೂ ಬಿಚ್ಚಿಲ್ಲ. ಸ್ವಲ್ಪ ಸವೆದಿದ್ದರೆ, ವೈರಿನ ತುದಿ ಹತ್ತಾರು ಸಲ ಕತ್ತರಿಸಿ ಗಿಡ್ಡ ಆಗಿದ್ದರೆ, ಅಲ್ಲಿ ಮಕ್ಕಳು ಕೆಲಸ ಮಾಡಿದ್ದಾರೆ. ಬಟನ್ ಒತ್ತಿದರೆ ದೀಪ ಹತ್ತುವ, ವೈರಿಂಗ್ ಎಲ್ಲ ಹಿಂದೆ ಮುಚ್ಚಿಹೋದ ಕಿಟ್ ನೋಡಲು ಚೆಂದ. ಅದರಲ್ಲಿ ಕಲಿಯುವುದು ಅರ್ಧ ಮಾತ್ರ.

ಆಮೇಲೆ ಈ ಪ್ರಶ್ನೆಗಳನ್ನು ಕೇಳಿ. ಒಂದು ಪಿಎಲ್‌ಸಿಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಆದರೆ ಹಿಂದೆ ನಿಂತವರಿಗೆ ಬರೀ ಬೆನ್ನು ಕಾಣುತ್ತದೆ. ಖಾಲಿ ಪ್ಯಾನಲ್ ಕೊಟ್ಟು ಡ್ರಾಯಿಂಗ್ ನೋಡಿ ಪೂರ್ತಿ ವೈರಿಂಗ್ ಮಾಡಿಸುತ್ತಾರಾ? ಬೇಕೆಂತಲೇ ಫಾಲ್ಟ್ ಹಾಕಿ ಹುಡುಕಿಸುತ್ತಾರಾ? ಕಲಿಸುವವರು ಯಾವತ್ತಾದರೂ ಕಾರ್ಖಾನೆಯಲ್ಲಿ ಬ್ರೇಕ್‌ಡೌನ್ ನೋಡಿದವರಾ? ಕೊನೆಯದಾಗಿ, ಕಚೇರಿಯವರು ತೋರಿಸಿದ ವಿದ್ಯಾರ್ಥಿಯನ್ನು ಬಿಟ್ಟು, ಸಂಜೆ ಬಸ್‌ಸ್ಟಾಪಿನಲ್ಲಿ ಸಿಗುವ ಕೊನೆ ವರ್ಷದ ಹುಡುಗರನ್ನು ಮಾತಾಡಿಸಿ. ಹಿಂದಿನ ವರ್ಷದವರಿಗೆ ಕೆಲಸ ಎಲ್ಲಿ ಸಿಕ್ಕಿತು, ಸಂಬಳ ಎಷ್ಟು ಅಂತ ಅವರು ನಿಜ ಹೇಳುತ್ತಾರೆ.

ಹೆಜ್ಜೆ 3: ಮೊದಲ ವರ್ಷ ಬರೀ ಕರೆಂಟು

ಇಲ್ಲಿ ಎಲ್ಲರಿಗೂ ಅವಸರ. ಪಿಎಲ್‌ಸಿ ಯಾವಾಗ ಸರ್, ರೋಬೋಟ್ ಯಾವಾಗ ಸರ್ ಅಂತ. ತಾಳ್ಮೆ ಇರಲಿ.

ಮೋಟರಿಗೆ ನೇರ ಸ್ಟಾರ್ಟರ್ ವೈರಿಂಗ್, ಫಾರ್ವರ್ಡ್ ರಿವರ್ಸ್, ಸ್ಟಾರ್ ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಶುರು ಮಾಡಿ ಆಮೇಲೆ ಪೂರ್ತಿ ಕೊಡುವ ಜೋಡಣೆ). ಈ ಮೂರನ್ನು ಪಿಎಲ್‌ಸಿ ಇಲ್ಲದೆ, ಬರೀ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ, ಕರೆಂಟಿನಿಂದಲೇ ಎಳೆಯುವ ದೊಡ್ಡ ಸ್ವಿಚ್), ಟೈಮರ್, ಮೋಟರಿಗೆ ಹೊರೆ ಜಾಸ್ತಿಯಾದರೆ ನಿಲ್ಲಿಸುವ ಓವರ್‌ಲೋಡ್ ರಿಲೇಯಿಂದ, ಡ್ರಾಯಿಂಗ್ ನೋಡದೆ ಕಟ್ಟುವಷ್ಟು ಪಳಗಿ. ಇದಕ್ಕೊಂದು ಕಾರಣವಿದೆ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನವರಿಗೆ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ತುಂಬಿದ ಪ್ಯಾನಲ್‌ಗಳು ಸಾಕಾಗಿಹೋಗಿದ್ದವು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ಪ್ಯಾನಲ್ ಬಿಚ್ಚಿ ಮತ್ತೆ ವೈರಿಂಗ್ ಮಾಡಬೇಕಿತ್ತು. ಅದರ ಬದಲು ಏನಾದರೂ ಮಾಡಿಕೊಡಿ ಅಂತ ಕೇಳಿದರು. ಮರುವರ್ಷ ಮೋಡಿಕಾನ್ 084 ಅನ್ನುವ ಯಂತ್ರ ಬಂತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ನುಗಳಿಗೆ ಹೊಸ ಭಾಷೆ ಕಲಿಸುವ ಬದಲು ಅವರಿಗೆ ಗೊತ್ತಿದ್ದ ರಿಲೇ ಡ್ರಾಯಿಂಗನ್ನೇ ಪ್ರೋಗ್ರಾಂ ಮಾಡಿಬಿಟ್ಟರು. ಅದೇ ಲ್ಯಾಡರ್. ಏಣಿಯ ಹಾಗೆ ಕಾಣುವ ಆ ಚಿತ್ರವನ್ನು ಇವತ್ತಿಗೂ ಓದುತ್ತಿದ್ದೇವೆ. ರಿಲೇ ಸರ್ಕ್ಯೂಟ್ ಗೊತ್ತಿದ್ದರೆ ಲ್ಯಾಡರ್ ಅರ್ಧ ಬಂದ ಹಾಗೆಯೇ.

ಇದೇ ವರ್ಷ ಕಲಿಯಬೇಕಾದ ಒಂದು ಅಭ್ಯಾಸ ಹೇಳುತ್ತೇನೆ. ಸಪ್ಲೈ ಆಫ್ ಮಾಡಿದ ಮೇಲೆ ಮೀಟರನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಇಟ್ಟು ನೋಡಿ. ಆಮೇಲೆ ನೀವು ಕೈ ಹಾಕುವ ಜಾಗದಲ್ಲಿ ನೋಡಿ. ಮತ್ತೆ ಮೊದಲಿನ ಜಾಗದಲ್ಲಿ ನೋಡಿ. ಮೂರು ಸಲ. ಮೀಟರೇ ಕೆಟ್ಟು ಸೊನ್ನೆ ತೋರಿಸುತ್ತಿದ್ದರೆ ಆ ಮೂರನೇ ಸಲ ನಿಮ್ಮ ಜೀವ ಉಳಿಸುತ್ತದೆ. ಟೆಸ್ಟರ್ ದೀಪ ನಂಬಿ ಪ್ಯಾನಲ್ಲಿಗೆ ಕೈ ಹಾಕಬೇಡಿ. ಬ್ರೇಕರಿಗೆ ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. "ನಾನು ನೋಡ್ಕೋತೀನಿ, ನೀನು ಮಾಡು" ಅಂತ ಯಾರು ಹೇಳಿದರೂ ಕೇಳಬೇಡಿ.

ಹೆಜ್ಜೆ 4: ಸೆನ್ಸರುಗಳ ಜೊತೆ ಸಮಯ ಕಳೆಯಿರಿ

ನನ್ನ ಮಟ್ಟಿಗೆ ಇಡೀ ಕಲಿಕೆಯ ರುಚಿ ಇರುವುದು ಇಲ್ಲೇ.

ಮುಟ್ಟದೆಯೇ ಹತ್ತಿರದ ಲೋಹ ಪತ್ತೆ ಮಾಡುವ, ಮೂರು ವೈರಿನ ಪ್ರಾಕ್ಸಿಮಿಟಿ ಸೆನ್ಸರ್ ತಗೊಳ್ಳಿ. ಕಂದು ವೈರು 24 ವೋಲ್ಟ್ ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಇದರಲ್ಲಿ ಪಿಎನ್‌ಪಿ, ಎನ್‌ಪಿಎನ್ ಅಂತ ಎರಡು ಜಾತಿ. ಪಿಎನ್‌ಪಿ ಆದರೆ ಲೋಹ ಕಂಡಾಗ ಕಪ್ಪು ವೈರಿನಲ್ಲಿ ಪ್ಲಸ್ ಕೊಡುತ್ತದೆ. ಎನ್‌ಪಿಎನ್ ಆದರೆ ಕಪ್ಪು ವೈರನ್ನು ಮೈನಸ್ಸಿಗೆ ಎಳೆಯುತ್ತದೆ. ಹಳೆಯದು ಕೆಟ್ಟಿತು ಅಂತ ಅಂಗಡಿಯಿಂದ ಬೇರೆ ಜಾತಿಯದನ್ನು ತಂದು ಹಾಕಿದರೆ ಸೆನ್ಸರಿನ ಮೇಲಿನ ದೀಪ ಹತ್ತುತ್ತದೆ, ಪಿಎಲ್‌ಸಿ ಇನ್‌ಪುಟ್ (ಸೆನ್ಸರಿನ ಸಿಗ್ನಲ್ ಒಳಗೆ ಬರುವ ಜಾಗ) ದೀಪ ಹತ್ತುವುದಿಲ್ಲ. ಎರಡೂ ಸರಿ ಇದ್ದೂ ಮೆಷಿನ್ ಓಡುವುದಿಲ್ಲ. ಇದಕ್ಕೆ ಎಷ್ಟು ರಾತ್ರಿಗಳು ಹಾಳಾಗಿವೆಯೋ ಲೆಕ್ಕ ಇಲ್ಲ.

ಆಮೇಲೆ 4ರಿಂದ 20 ಮಿಲಿಆಂಪ್. ಟ್ಯಾಂಕಿನ ಮಟ್ಟ, ಒತ್ತಡ, ಉಷ್ಣತೆ, ಹೆಚ್ಚಾಗಿ ಈ ಅಳತೆಯಲ್ಲೇ ಬರುತ್ತವೆ. ಹತ್ತು ಮೀಟರ್ ಟ್ಯಾಂಕ್ ಅಂದುಕೊಳ್ಳಿ. ಖಾಲಿ ಇದ್ದರೆ 4, ತುಂಬಿದ್ದರೆ 20. ಹಾಗಾದರೆ ಅರ್ಧ ಇದ್ದರೆ? ಹತ್ತು ಅಂದರೆ ತಪ್ಪು, ಹನ್ನೆರಡು. ಎರಡೂವರೆ ಮೀಟರಿಗೆ 8. ಸೊನ್ನೆಯಿಂದ ಶುರು ಮಾಡದೆ ನಾಲ್ಕರಿಂದ ಯಾಕೆ? ಸೊನ್ನೆಯಿಂದ ಶುರು ಮಾಡಿದ್ದರೆ ಟ್ಯಾಂಕ್ ಖಾಲಿ ಇರುವುದಕ್ಕೂ ವೈರ್ ತುಂಡಾಗಿರುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಇದನ್ನು ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಇದೆ. ಪಿಟಿ100 ಅನ್ನುವ ಉಷ್ಣತೆ ಸೆನ್ಸರ್ ಒಂದು ತನ್ನಿ. ಐಸು ಕರಗುತ್ತಿರುವ ನೀರಿನಲ್ಲಿ ಇಟ್ಟು ಮೀಟರಿನಲ್ಲಿ ಓಮ್ ನೋಡಿ, 100ರ ಹತ್ತಿರ ಬರಬೇಕು. ಕುದಿಯುವ ನೀರಿನಲ್ಲಿ ಪುಸ್ತಕದ ಪ್ರಕಾರ 138.5. ಬೆಂಗಳೂರಿನಲ್ಲಿ ಅಷ್ಟು ಬರುವುದಿಲ್ಲ! ಇಲ್ಲಿ ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಮೀಟರ್ 137.4ರ ಆಸುಪಾಸು ತೋರಿಸುತ್ತದೆ. ಮಂಗಳೂರಿನ ಹುಡುಗನಿಗೆ ಒಂದು ಉತ್ತರ, ಬೆಂಗಳೂರಿನ ಹುಡುಗಿಗೆ ಇನ್ನೊಂದು, ಇಬ್ಬರದೂ ಸರಿ. ಸೆನ್ಸರ್ ಕೆಟ್ಟಿದೆ ಅಂತ ಎಸೆಯುವ ಮೊದಲು ಯೋಚನೆ ಮಾಡಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಹೀಗೆ.

ಹೆಜ್ಜೆ 5: ಈಗ ಪಿಎಲ್‌ಸಿ

ಯಾವ ಕಂಪನಿಯದು ಕಲಿಯಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸೀಮೆನ್ಸ್, ಡೆಲ್ಟಾ, ಮಿತ್ಸುಬಿಷಿ, ಅಲೆನ್ ಬ್ರಾಡ್ಲಿ, ಒಂದನ್ನು ಆಳವಾಗಿ ಕಲಿತರೆ ಇನ್ನೊಂದಕ್ಕೆ ಕೆಲವು ವಾರ ಸಾಕು. ಮನೆಯಲ್ಲಿ ಅಭ್ಯಾಸಕ್ಕೆ ಡೆಲ್ಟಾ ಅಗ್ಗ. ಅದರ ಸಾಫ್ಟ್‌ವೇರ್ ಡಬ್ಲ್ಯುಪಿಎಲ್‌ಸಾಫ್ಟ್ ಪುಕ್ಕಟೆ ಸಿಗುತ್ತದೆ. ಪಿಎಲ್‌ಸಿ ಇಲ್ಲದೆಯೂ ಅದರಲ್ಲೇ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡಬಹುದು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಶನಿವಾರ ಹೋಗಿ. ಹಳೆಯ ಸಣ್ಣ ಪಿಎಲ್‌ಸಿ, 24 ವೋಲ್ಟಿನ ಪವರ್ ಸಪ್ಲೈ, ಎರಡು ಪುಶ್ ಬಟನ್, ಎರಡು ರಿಲೇ, ಒಂದು ಸೆನ್ಸರ್ ತನ್ನಿ. ಪ್ಲೈವುಡ್ ಹಲಗೆ ಮೇಲೆ ಜೋಡಿಸಿ. ಅಂಗಡಿಯಲ್ಲೇ ಕರೆಂಟ್ ಕೊಟ್ಟು ತೋರಿಸಿ ಅಂತ ಕೇಳಿ, ನಾಚಿಕೆ ಬೇಡ.

ಮೊದಲ ಪಾಠ ಸ್ಟಾರ್ಟ್ ಸ್ಟಾಪ್. ಇಲ್ಲೇ ಮುಕ್ಕಾಲು ಜನ ಎಡವುತ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಟಾಪ್ ಬಟನ್ ಯಾವತ್ತೂ ಎನ್‌ಸಿ ಇರಬೇಕು. ಅಂದರೆ ಒತ್ತದೆ ಇದ್ದಾಗ ಕರೆಂಟ್ ಹರಿಯುತ್ತಿರಬೇಕು, ಒತ್ತಿದಾಗ ನಿಲ್ಲಬೇಕು. ಆಗ ವೈರ್ ಇಲಿ ಕಡಿದರೂ ಮೆಷಿನ್ ನಿಲ್ಲುತ್ತದೆ. ಇದಕ್ಕೆ ಉಲ್ಟಾ, ಒತ್ತಿದಾಗ ಮಾತ್ರ ಕರೆಂಟ್ ಹರಿಯುವ ಎನ್‌ಓ ಹಾಕಿದ್ದರೆ ವೈರ್ ತುಂಡಾದ ದಿನ ಒತ್ತಿದರೂ ಮೆಷಿನ್ ನಿಲ್ಲುವುದಿಲ್ಲ. ಇದು ಎಲ್ಲರಿಗೂ ಅರ್ಥ ಆಗುತ್ತದೆ. ಗೊಂದಲ ಶುರುವಾಗುವುದು ಲ್ಯಾಡರ್ ಬರೆಯುವಾಗ. ರಿಲೇ ಡ್ರಾಯಿಂಗಿನಲ್ಲಿ ಸ್ಟಾಪ್ ಎನ್‌ಸಿ ಇತ್ತಲ್ಲ ಅಂತ ಲ್ಯಾಡರಿನಲ್ಲೂ ಎನ್‌ಸಿ ಚಿಹ್ನೆ ಹಾಕುತ್ತಾರೆ. ಸ್ಟಾರ್ಟ್ ಒತ್ತುತ್ತಾರೆ, ಏನೂ ಆಗುವುದಿಲ್ಲ. ಯಾಕೆ? ಲ್ಯಾಡರಿನ ಎನ್‌ಸಿ ಚಿಹ್ನೆ ಕೇಳುವ ಪ್ರಶ್ನೆ "ಈ ಇನ್‌ಪುಟ್ ಆಫ್ ಇದೆಯಾ?" ಅಂತ. ಬಟನ್ ಒತ್ತಿಲ್ಲ, ಕರೆಂಟ್ ಬರುತ್ತಿದೆ, ಇನ್‌ಪುಟ್ ಆನ್ ಇದೆ. ಉತ್ತರ ಇಲ್ಲ ಅಂತ ಬಂತು, ದಾರಿ ಮುಚ್ಚಿತು. ಹಾಗಾಗಿ ಹೊರಗೆ ಎನ್‌ಸಿ ಬಟನ್, ಒಳಗೆ ಎನ್‌ಓ ಚಿಹ್ನೆ. ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತದೆ. ಒಂದು ಸಲ ಹಲಗೆ ಮೇಲೆ ತಪ್ಪು ಮಾಡಿ ನೋಡಿ, ಜನ್ಮದಲ್ಲಿ ಮರೆಯಲ್ಲ.

ಎಮರ್ಜೆನ್ಸಿ ಸ್ಟಾಪ್ ಮಾತ್ರ ಪ್ರೋಗ್ರಾಮಿನ ಮೇಲೆ ಬಿಡಬೇಡಿ. ಅದು ವೈರಿನಲ್ಲೇ ಕಾಂಟ್ಯಾಕ್ಟರಿನ ಸಪ್ಲೈ ಕತ್ತರಿಸಬೇಕು.

ಅಭ್ಯಾಸಕ್ಕೆ ಎಲ್ಲ ಕಡೆ ಟ್ರಾಫಿಕ್ ಸಿಗ್ನಲ್ ಪ್ರೋಗ್ರಾಂ ಮಾಡಿಸುತ್ತಾರೆ. ನನಗೆ ಅದು ಇಷ್ಟ ಇಲ್ಲ. ಯಾವ ಕಾರ್ಖಾನೆಯಲ್ಲೂ ಟ್ರಾಫಿಕ್ ಸಿಗ್ನಲ್ ಇಲ್ಲ. ಅದರ ಬದಲು ಎರಡು ಪಂಪ್ ಸರದಿಯಲ್ಲಿ ಓಡಬೇಕು, ಒಂದು ಟ್ರಿಪ್ ಆದರೆ ಇನ್ನೊಂದು ತಾನೇ ಶುರುವಾಗಬೇಕು, ಹತ್ತು ಬಾಟಲಿ ಎಣಿಸಿದ ಮೇಲೆ ಕನ್ವೇಯರ್ ನಿಲ್ಲಬೇಕು, ಇಂಥವನ್ನು ಬರೆಯಿರಿ.

ಹೆಜ್ಜೆ 6: ಡ್ರೈವ್, ಸ್ಕ್ರೀನ್, ನೆಟ್‌ವರ್ಕ್

ಇವು ಬೇಕು, ಆದರೆ ಕಾಲೇಜಿನಲ್ಲಿ ಪರಿಚಯ ಆದರೆ ಸಾಕು, ಉಳಿದದ್ದು ಕೆಲಸದಲ್ಲಿ ಬರುತ್ತದೆ. ಎರಡೇ ಮಾತು ಹೇಳುತ್ತೇನೆ.

ಮೋಟರ್ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಒಳಗೆ ದೊಡ್ಡ ಕೆಪಾಸಿಟರ್ ಇರುತ್ತವೆ. 415 ವೋಲ್ಟ್ ಸಪ್ಲೈ ಕೊಟ್ಟ ಡ್ರೈವಿನಲ್ಲಿ ಅವುಗಳ ಮೇಲೆ ಸುಮಾರು 587 ವೋಲ್ಟ್ ಡಿಸಿ ಕೂತಿರುತ್ತದೆ. ಸ್ವಿಚ್ ಆಫ್ ಮಾಡಿ ಪರದೆ ಕಪ್ಪಾದರೂ ಅದು ತಕ್ಷಣ ಇಳಿಯುವುದಿಲ್ಲ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವಿನ ಮೇಲೆಯೇ ಬರೆದಿರುತ್ತಾರೆ. ಕಾಯಿರಿ, ಆಮೇಲೆ ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ.

ಇನ್ನೊಂದು, ಪಿಎಲ್‌ಸಿ, ಡ್ರೈವ್, ಮೀಟರುಗಳು ಒಂದಕ್ಕೊಂದು ಮಾತಾಡುವ ಮೋಡ್‌ಬಸ್ ಕೇಬಲ್. ಅದು ಓಡುವ ಆರ್‌ಎಸ್ 485 ಅನ್ನುವ ಎರಡು ವೈರಿನ ಲೈನಿನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಇರಬೇಕು. ಪವರ್ ತೆಗೆದು ಎರಡು ವೈರಿನ ನಡುವೆ ಮೀಟರ್ ಇಟ್ಟರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ. ಲ್ಯಾಪ್‌ಟಾಪ್ ತೆಗೆಯದೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುವ ವಿಷಯ ಇದು.

ಹೆಜ್ಜೆ 7: ಫಾಲ್ಟ್ ಹುಡುಕುವ ಕ್ರಮ

ಮೆಷಿನ್ ನಿಂತಿದೆ. ಮೊದಲು ಆಪರೇಟರನ್ನು ಮಾತಾಡಿಸಿ. ಒಂದು ಕಡೆ ಒಂದು ಲೈನ್ ತಿಂಗಳಿಗೆ ಎರಡು ಮೂರು ಸಲ ಸುಮ್ನೆ ನಿಲ್ಲುತ್ತಿತ್ತು. ಪಿಎಲ್‌ಸಿ ಕಾರ್ಡ್ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು. ಅಲ್ಲಿನ ಆಪರೇಟರ್ ಅಕ್ಕ ಹೇಳಿದ್ದು ಒಂದೇ ಮಾತು: "ಮಳೆ ಬಂದ ಮಾರನೇ ದಿನ ಮಾತ್ರ ಸರ್." ಹೊರಗಿನ ಜಂಕ್ಷನ್ ಬಾಕ್ಸ್ ತೆರೆದರೆ ಒಳಗೆ ನೀರು. ಕೇಬಲ್ ಒಳಗೆ ಹೋಗುವ ಗ್ಲ್ಯಾಂಡ್ ಸಡಿಲ ಆಗಿತ್ತು.

ಆಮೇಲೆ ಪಿಎಲ್‌ಸಿ ಮುಂದೆ ನಿಂತು ದೀಪಗಳನ್ನು ನೋಡಿ. ಇನ್‌ಪುಟ್ ದೀಪ ಹತ್ತಬೇಕಾದ್ದು ಹತ್ತಿಲ್ಲವಾ? ತಪ್ಪು ಹೊರಗಿದೆ, ಸೆನ್ಸರ್ ಕಡೆ ನಡೆಯಿರಿ. ಔಟ್‌ಪುಟ್ ದೀಪ ಹತ್ತಿದೆ, ಕಾಂಟ್ಯಾಕ್ಟರ್ ಎಳೆದಿಲ್ಲವಾ? ಫ್ಯೂಸ್, ರಿಲೇ, ಕಾಯಿಲ್ ನೋಡಿ. ಇನ್‌ಪುಟ್ ಎಲ್ಲ ಸರಿ ಇದ್ದೂ ಔಟ್‌ಪುಟ್ ಬಂದಿಲ್ಲ ಅಂದರೆ ಮಾತ್ರ ಲ್ಯಾಪ್‌ಟಾಪ್ ತೆಗೆಯಿರಿ. ಆಗಲೂ ಬದಲಿಸುವುದಕ್ಕಲ್ಲ, ಯಾವ ಷರತ್ತು ಕಾಯುತ್ತಿದೆ ಅಂತ ನೋಡುವುದಕ್ಕೆ. ನಿನ್ನೆವರೆಗೂ ಓಡಿದ ಪ್ರೋಗ್ರಾಂ ರಾತ್ರೋರಾತ್ರಿ ತಾನೇ ಬದಲಾಗುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪ್ರೊಡಕ್ಷನ್‌ನವರು ತಲೆ ಮೇಲೆ ನಿಂತು "ಸದ್ಯಕ್ಕೆ ಬೈಪಾಸ್ ಮಾಡಿ ಓಡಿಸಿ" ಅನ್ನುತ್ತಾರೆ. ಬಾಗಿಲಿನ ಸೇಫ್ಟಿ ಸ್ವಿಚ್ಚಿಗೆ ಮಾತ್ರ ಯಾವ ಕಾರಣಕ್ಕೂ ವೈರ್ ಸುತ್ತಿ ಬೈಪಾಸ್ ಮಾಡಬೇಡಿ. ಆ "ಸದ್ಯಕ್ಕೆ" ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಒಳಗೆ ಕೈ ಹಾಕುವವರು ಬೇರೆ ಯಾರೋ ಆಗಿರುತ್ತಾರೆ.

ಹೆಜ್ಜೆ 8: ಅಪ್ರೆಂಟಿಸ್, ಆಮೇಲೆ ಕೆಲಸ

ಐಟಿಐ ಅಥವಾ ಡಿಪ್ಲೊಮಾ ಮುಗಿದ ತಕ್ಷಣ ಸಂಬಳ ಜಾಸ್ತಿ ಎಲ್ಲಿ ಅಂತ ಹುಡುಕುವ ಬದಲು ಒಂದು ವರ್ಷ ಅಪ್ರೆಂಟಿಸ್ ಆಗಿ ಹೋಗಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು. ಐಟಿಐನವರಿಗೆ ಕೊನೆಯಲ್ಲಿ ಪರೀಕ್ಷೆ, ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಇರುತ್ತದೆ. ಎರಡು ಕಡೆ ಅವಕಾಶ ಸಿಕ್ಕರೆ ದೊಡ್ಡ ಹೆಸರಿನ ಕಂಪನಿಯಲ್ಲಿ ಬರೀ ಒಂದು ಸ್ಟೇಷನ್ ನೋಡುವುದಕ್ಕಿಂತ, ಪ್ಯಾನಲ್ ಕಟ್ಟುವ ಸಣ್ಣ ಘಟಕ ಮೇಲು ಅನ್ನುತ್ತೇನೆ ನಾನು. ಅಲ್ಲಿ ಡ್ರಾಯಿಂಗ್ ಓದುವುದು, ವೈರಿಗೆ ನಂಬರಿನ ಫೆರೂಲ್ ಹಾಕುವುದು, ಟೆಸ್ಟ್ ಮಾಡುವುದು ಎಲ್ಲ ನಿಮ್ಮ ತಲೆಗೇ ಬರುತ್ತದೆ. ನನ್ನ ಕೆಲವು ಗೆಳೆಯರು ಇದನ್ನು ಒಪ್ಪುವುದಿಲ್ಲ. ದೊಡ್ಡ ಕಂಪನಿಯ ಹೆಸರು ಬಯೋಡೇಟಾದಲ್ಲಿ ಇದ್ದರೆ ಮುಂದೆ ಬಾಗಿಲು ಬೇಗ ತೆರೆಯುತ್ತದೆ ಅನ್ನುತ್ತಾರೆ. ಅದೂ ಸುಳ್ಳಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮ್ಯಾನುಯಲ್ ಇಂಗ್ಲಿಷ್ ಕಷ್ಟ ಅನಿಸುತ್ತದೆ. ನನಗೂ ಅನಿಸಿತ್ತು. ದಿನಕ್ಕೆ ಒಂದೇ ಪುಟ ಓದಿ, ಅರ್ಥ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮ್ಯಾನುಯಲ್‌ಗಳಲ್ಲಿ ಅದೇ ಇನ್ನೂರು ಮುನ್ನೂರು ಪದ ತಿರುತಿರುಗಿ ಬರುತ್ತವೆ. ಆರು ತಿಂಗಳಲ್ಲಿ ಭಯ ಹೋಗುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಮಾಡಬೇಕಾದ್ದು: ಪ್ರತಿ ಮೆಷಿನ್ನಿನ ಪ್ರೋಗ್ರಾಂ ಬ್ಯಾಕಪ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಮೇಲಿನವರ ಒಪ್ಪಿಗೆ ತಗೊಂಡು ಪಿಎಲ್‌ಸಿಯಿಂದ ಓದಿಕೊಂಡು, ತಾರೀಕು ಹಾಕಿ ಎರಡು ಕಡೆ ಇಡಿ. ಹಳೆಯ ಪಿಎಲ್‌ಸಿ ಎಷ್ಟೋ ಕಡೆ ಇನ್ನೂ ಓಡುತ್ತಿವೆ. ಅವುಗಳಲ್ಲಿ ಹಲವು ಪ್ರೋಗ್ರಾಂ ಉಳಿಸಿಕೊಳ್ಳುವುದು ಒಂದು ಸಣ್ಣ ಬ್ಯಾಟರಿಯಿಂದ. ಆ ಬ್ಯಾಟರಿ ಸತ್ತು, ದಸರಾ ರಜೆಗೆ ಮೇನ್ ಆಫ್ ಮಾಡಿದರೆ ಆಯುಧಪೂಜೆ ಮುಗಿಸಿ ಬಂದ ದಿನ ಪಿಎಲ್‌ಸಿ ಖಾಲಿ. ಬ್ಯಾಟರಿ ದೀಪ ಕೆಂಪಾಗಿದೆಯಾ ನೋಡಿ. ಬದಲಿಸುವ ಮೊದಲು ಮ್ಯಾನುಯಲ್ ತೆರೆದು ಪವರ್ ಆನ್ ಇಟ್ಟುಕೊಂಡು ಬದಲಿಸಬೇಕಾ ಅಂತ ಓದಿಕೊಳ್ಳಿ. ಬದಲಿಸಿದ ತಾರೀಕನ್ನು ಚೀಟಿಯಲ್ಲಿ ಬರೆದು ಪ್ಯಾನಲ್ ಬಾಗಿಲಿನ ಒಳಮೈಗೆ ಅಂಟಿಸಿ.